ಕೆಂಪು ದಾರದ ಮೂಟೆ

"ಮುಟ್ಬ್ಯಾಡಿ ಅಂದ್ರೆ ಮುಟ್ಬ್ಯಾಡಿ! ಎತ್ತೂ ಓದೊ, ಈಗ ಇಂಡಿ ಮೂಟೆನೂ ಒತ್ಕಂಡು ಓಯ್ತೀರಾ?"

ರೇವಮ್ಮ ಓಡಿಬಂದು ಅರ್ಧ ಖಾಲಿಯಾಗಿದ್ದ ಮೂಟೆಯ ಮೇಲೆ ಕೂತೇಬಿಟ್ಟಳು. ಸಬ್‌ಇನ್ಸ್‌ಪೆಕ್ಟರ್ ರಾಮಲಿಂಗಯ್ಯ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಪೊಲೀಸು ಟೋಪಿಗೆ ಹೆದರದ ಹೆಂಗಸು ಅವನಿಗೆ ಹೊಸತಲ್ಲ. ಹೆತ್ತ ತಾಯಿಯೇ ಅಂಥವಳು.

ಕೊಟ್ಟಿಗೆಯಲ್ಲಿ ಎರಡು ಗೂಟ, ಎರಡು ಹಗ್ಗ. ಹಗ್ಗದ ತುದಿಯಲ್ಲಿ ಏನೂ ಇಲ್ಲ. ನೆಲವನ್ನು ಸಗಣಿ ಹಾಕಿ ಸಾರಿಸಿದ್ದರೂ ರಕ್ತಭೇದಿಯ ನಾತ ಗೋಡೆಯನ್ನು ಬಿಟ್ಟಿರಲಿಲ್ಲ.

ಹಲಗೂರು ಡಿಪೋದಲ್ಲಿ ದನದ ಹಿಂಡಿ ತೂಗಿ ಕೊಡುತ್ತಿದ್ದ ಜವರಯ್ಯನ ಹೆಣ ಅಮಾವಾಸ್ಯೆಯ ಮಾರನೆಯ ದಿನ ಶಿಂಷಾ ಹೊಳೆಯಲ್ಲಿ ಸಿಕ್ಕಿತ್ತು. ಕಾಲು ಜಾರಿ ಬಿದ್ದ ಎಂದು ಎಲ್ಲರೂ ಕೈತೊಳೆದುಕೊಂಡರು. ಅದೇ ಡಿಪೋದ ಸುತ್ತಿನ ಹಳ್ಳಿಗಳಲ್ಲಿ ಸಾಲುಸಾಲಾಗಿ ಸಾಯುತ್ತಿದ್ದ ದನಗಳಿಗೂ ಆ ಹೆಣಕ್ಕೂ ನಂಟಿದೆಯೆಂದು ಹಟ ಹಿಡಿದವನು ರಾಮಲಿಂಗಯ್ಯ ಒಬ್ಬನೇ. ಅವನು ಮದ್ದೂರಿನಿಂದ ಬರುವಷ್ಟರಲ್ಲಿ ಹೆಣವನ್ನು ಮಣ್ಣು ಮಾಡಿಯಾಗಿತ್ತು.

"ಮೂಟೆ ಕಿತ್ಕೊಳ್ಳೋಕೆ ಬಂದಿಲ್ಲ ರೇವಮ್ಮ. ಒಂದು ಮಾತು ಹೇಳಿ. ನಿಮ್ಮ ಎತ್ತಿಗೆ ಏನಾಯ್ತು?"

"ಏನಾಯ್ತು! ದೊಡ್ಡ ಜಾಡ್ಯ ಅಂದ್ರು. ಮಾರಮ್ಮಂಗೆ ಅರಿಸಿನ ಕುಂಕುಮ ಕೊಡಿ ಅಂದ್ರು. ಕೊಟ್ಟೊ. ಜೊಲ್ಲು ಸುರಿಸ್ಕಂಡು, ಕರುಳೇ ಕಿತ್ಕಂಡು ಬಂದಂಗೆ ಬೇದಿ ಮಾಡ್ಕಂಡು ಎರಡೂ ಒಂದೇ ದಿನ ಮಲಿಕ್ಕಂಡೊ. ನೀರು ಕುಡಿಸೋಕೆ ಓದ್ರೆ ನನ್ ಮಕವನ್ನೇ ನೋಡ್ತಿದ್ದೊ." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಗೋಡೆ ಆಚೆ ಕಟ್ಟಿರೋ ಹಸು ಯಾರದು?"

"ನಮ್ ವಾರಗಿತ್ತೀದು."

"ಅದು ಚೆನ್ನಾಗೇ ಇದೆಯಲ್ಲ?"

ರೇವಮ್ಮ ತಲೆಯೆತ್ತಿದಳು. ದೊಡ್ಡ ಜಾಡ್ಯ ಒಂದು ಕೊಟ್ಟಿಗೆಗೆ ಹೊಕ್ಕರೆ ಪಕ್ಕದ ಕೊಟ್ಟಿಗೆಯನ್ನು ಬಿಡುವುದಿಲ್ಲ ಎಂಬುದು ದನ ಕಟ್ಟಿದವರಿಗೆಲ್ಲ ಗೊತ್ತು. ದುಃಖದಲ್ಲಿ ಅವಳಿಗೆ ಅದು ಹೊಳೆದಿರಲಿಲ್ಲ.

"ಅವ್ಳು ಈ ಸಲ ಡಿಪೋಕೆ ಓಗ್ನಿಲ್ಲ," ಎಂದಳು ಮೆಲ್ಲಗೆ. ಆಮೇಲೆ ತಾನು ಕೂತಿದ್ದ ಮೂಟೆಯನ್ನು ನೋಡಿದಳು. ಕೆಂಡ ತಾಗಿದಂತೆ ಎದ್ದು ನಿಂತಳು.

ರಾಮಲಿಂಗಯ್ಯ ಮೂಟೆಯೊಳಗೆ ಕೈ ಹಾಕಿದ. ಹಿಟ್ಟಿನಂತೆ ನುಣ್ಣನೆಯ ಹಿಂಡಿ. ಅಂಗೈಯ ಮೇಲೆ ಹರಡಿ ಬೆಳಕಿಗೆ ಹಿಡಿದರೆ ನಡುನಡುವೆ ಕಪ್ಪು ಚುಕ್ಕೆ.

"ಯಾವಾಗ್ಲೂ ಹೀಗೇ ಪುಡಿ ಕೊಡ್ತಿದ್ರಾ?"

"ಇಲ್ಲ ಕಣಪ್ಪ. ಬಿಲ್ಲೆ ಕೊಡೋರು. ಒಡ್ದು ನೆನೆ ಆಕ್ತಿದ್ದೊ. ಈ ಸಲ ಬಡವ್ರಿಗೆಲ್ಲ ಪುಡಿ. ಪಟೇಲ್ರ ಮನೇಗೆ ಮಾತ್ರ ಬಿಲ್ಲೆ, ಅದೂ ಬಿಳೀ ದಾರದ ಮೂಟೇಲಿ."

"ಬಿಳೀ ದಾರ ಅಂದ್ರೆ?"

"ಮೂಟೆ ಬಾಯಿ ಒಲ್ದಿರ್ತಾರಲ್ಲ, ಆ ದಾರ. ನಮ್ದು ಕೆಂಪು ದಾರ. ಬಿಳೀದಾಗಿದ್ರೆ ಕೌದಿನಾದ್ರೂ ಒಲ್ಕತಿದ್ದೆ, ಅಂಗಡೀಲಿ ದಾರ ಅನ್ನೋದೇ ಕಾಣ್ಸಲ್ಲ ಈ ಸುಡುಗಾಡು ಕಾಲ್ದಲ್ಲಿ. ಕೆಂಪುದಾರ ಬಣ್ಣ ಬುಡ್ತದೆ. ಅವರೆ ಬಳ್ಳಿ ಕಟ್ಟೋಕೆ ಬಳಸ್ಕಂಡೆ."

ಹಿತ್ತಿಲಿನ ಚಪ್ಪರದ ಕಂಬಕ್ಕೆ ಅವರೆ ಬಳ್ಳಿಯನ್ನು ಕಟ್ಟಿದ್ದ ಕೆಂಪು ದಾರ ಬಿಸಿಲಿಗೆ ಹೊಳೆಯುತ್ತಿತ್ತು. ರಾಮಲಿಂಗಯ್ಯ ಅದರ ಮುಂದೆ ಬಹಳ ಹೊತ್ತು ನಿಂತ.

ಪಟೇಲರ ಕೊಟ್ಟಿಗೆಯಲ್ಲಿ ಒಂದು ಕರುವೂ ಸತ್ತಿಲ್ಲ. ಕೆಂಪು ದಾರದ ಮನೆಗಳಲ್ಲಿ ಗೂಟಗಳು ಬರಿದು. ದಾರ ತಪ್ಪಿ ಬಂದದ್ದಲ್ಲ, ಯಾರೋ ಗುರುತಿಗೆಂದು ಹಾಕಿದ್ದು. ಕೂಗಾಡಿದರೆ ಕೇಳಿಸುವ ಮನೆಗೆ ಒಂದು ದಾರ, ಕೂಗಾಡಿದರೂ ಕೇಳಿಸದ ಮನೆಗೆ ಇನ್ನೊಂದು.

ದಫೇದಾರ ದೊಡ್ಡಸಿದ್ದಯ್ಯ ಹಳ್ಳಿಗೆ ಬಂದದ್ದು ಆ ಹೊತ್ತಿಗೆ. ಮಂಡ್ಯದಿಂದ ಮೊದಲ ಬಸ್ಸಿಗೆ ಹೊರಟು ಬಂದಿದ್ದ. ಮೀಸೆಯ ಮೇಲೆಲ್ಲ ರಸ್ತೆಯ ಧೂಳು.

"ಸ್ವಾಮಿ, ದನದ ಡಾಕ್ಟ್ರು ಕುಯ್ದು ನೋಡಿದ್ರಂತೆ. ಜಾಡ್ಯ ಗೀಡ್ಯ ಏನಿಲ್ಲ. ಹೊಟ್ಟೆ ತುಂಬಾ ಹರಳು ಹಿಂಡಿ."

"ಹರಳು ಹಿಂಡಿ?"

"ಹೌದು ಸ್ವಾಮಿ. ಹರಳೆಣ್ಣೆ ತೆಗೆದ ಮೇಲೆ ಉಳಿಯೋ ಹಿಪ್ಪೆ, ಗದ್ದೆ ಗೊಬ್ಬರಕ್ಕೆ ಹಾಕೋದು. ದನ ತಿಂದ್ರೆ ವಿಷ. ನಮ್ಮೂರಲ್ಲಿ ಹೊಲಕ್ಕೆ ಎರಚಿದ ದಿನ ಕುರೀನ ಆ ಕಡೆ ಬಿಡಾಕಿಲ್ಲ."

ರಾಮಲಿಂಗಯ್ಯ ಅಂಗೈಯಲ್ಲಿದ್ದ ಪುಡಿಯನ್ನು ನೋಡಿದ. ಕಡಲೆಕಾಯಿ ಹಿಂಡಿಯ ಜೊತೆಗೆ ಹರಳು ಹಿಂಡಿಯನ್ನು ಕುಟ್ಟಿ ಬೆರೆಸಿದರೆ ಯಾವ ರೈತನ ಕಣ್ಣಿಗೂ ಬೀಳದು. ಪುಡಿ ಮಾಡಿದ್ದು ಅದಕ್ಕೆ.

"ಇನ್ನೊಂದು ಸಮಾಚಾರ," ದೊಡ್ಡಸಿದ್ದಯ್ಯ ದನಿ ತಗ್ಗಿಸಿದ. "ಈ ಡಿಪೋಗೆ ಹಿಂಡಿ ಕಳ್ಸೋ ಮದ್ದೂರು ಅಂಕಯ್ಯನೋರ ಎಣ್ಣೆ ಮಿಲ್ಲಿಂದು ಒಂದು ವ್ಯಾಗನ್ನು ಹನಕೆರೆ ಸ್ಟೇಷನ್‌ನಲ್ಲಿ ನಿಂತದೆ. ಸೀಲ್ ಹಾಕಾಗದೆ. ಸಾಯಂಕಾಲದ ಗೂಡ್ಸಿಗೆ ಸೇರಿಸ್ತಾರಂತೆ. ಮದ್ರಾಸು ಸೀಮೆಗೆ."

"ಪರ್ಮಿಟ್ಟು?"

"ಸರಿಯಾಗದೆ. ಹರಳು ಹಿಂಡಿ ಅಂತ."

ಯುದ್ಧ ನಿಂತು ವರ್ಷವಾಗುತ್ತ ಬಂದಿದ್ದರೂ ಬರ ನಿಂತಿರಲಿಲ್ಲ. ಮನುಷ್ಯರಿಗೆ ರಾಗಿ ರೇಷನ್ನು, ದನಗಳಿಗೆ ಹಿಂಡಿ ರೇಷನ್ನು. ದನ ತಿನ್ನುವ ಒಂದು ಬಿಲ್ಲೆಯೂ ಮೈಸೂರು ಸಂಸ್ಥಾನದ ಗಡಿ ದಾಟಬಾರದೆಂದು ಹುಕುಂ ಆಗಿತ್ತು. ಗಡಿಯಾಚೆ ಅದೇ ಹಿಂಡಿಗೆ ಬಂಗಾರದ ಬೆಲೆ. ಗೊಬ್ಬರದ ಹಿಂಡಿಗೆ ಮಾತ್ರ ಅಡ್ಡಿಯಿರಲಿಲ್ಲ.

"ದೊಡ್ಡಸಿದ್ದಯ್ಯ, ಅಂಕಯ್ಯನ ಮಿಲ್ಲಿನ ಹರಳು ಹಿಂಡಿ ಇಲ್ಲಿ ದನಗಳ ಹೊಟ್ಟೇಲಿದ್ರೆ, ಆ ವ್ಯಾಗನ್ನಿನಲ್ಲಿ ಇರೋದು ಏನು?"

"ಅಯ್ಯೋ ಶಿವನೆ," ಎಂದ ದಫೇದಾರ. "ದನದ ಬಾಯಿಂದ ಕಿತ್ತು… ಮದ್ದೂರು ಸ್ಟೇಷನ್ನು ಮಿಲ್ಲಿಗೆ ಕೂಗಳತೇಲಿ ಅದೆ. ಅದನ್ನ ಬಿಟ್ಟು ಗಾಡಿ ಕಟ್ಟಿ ಹನಕೆರೆಗೆ ಯಾಕೆ ಹೊತ್ರು ಅಂತ ನಾನೂ ಯೋಚ್ನೆ ಮಾಡ್ತಿದ್ದೆ."

"ಸೀಲ್ ಒಡೆಯೋಕೆ ಅಪ್ಪಣೆ?"

"ಸಾಹೇಬ್ರು ಕ್ಯಾಂಪ್‌ನಲ್ಲವ್ರೆ. ನಾಳೆ ಬರ್ತಾರೆ."

ನಾಳೆಗೆ ವ್ಯಾಗನ್ನು ಗಡಿಯಾಚೆ ಇರುತ್ತದೆ. ಅದರ ಜೊತೆಗೆ ಸಾಕ್ಷಿಯೂ.

ಅದಕ್ಕಿಂತ ತುರ್ತಿನ ಕೆಲಸ ಇನ್ನೊಂದಿತ್ತು. ಕೆಂಪು ದಾರದ ಎಷ್ಟು ಮೂಟೆ ಎಷ್ಟು ಹಟ್ಟಿಗಳಲ್ಲಿ ಇನ್ನೂ ಬಿಚ್ಚದೆ ಇದೆಯೋ! ಸಂಜೆ ಹೊಲದಿಂದ ಬಂದ ಎತ್ತಿಗೆ ಒಂದು ಮಂಕರಿ ಹಾಕಿದರೆ ಮುಗಿಯಿತು. ತಮಟೆ ಹೊಡೆಸಿ ಸಾರಿದರೆ ಸುದ್ದಿ ಮಳವಳ್ಳಿ ದಾಟಿ ಮದ್ದೂರಿಗೆ ಮುಟ್ಟುತ್ತದೆ, ಕಳ್ಳ ಎಚ್ಚರಾಗುತ್ತಾನೆ. ಸಾರದಿದ್ದರೆ?

ರಾಮಲಿಂಗಯ್ಯ ಬರಿಯ ಗೂಟಗಳ ಕಡೆ ಒಮ್ಮೆ ನೋಡಿದ.

"ಪಟೇಲರಿಗೆ ಹೇಳಿ, ತಳವಾರನ್ನ ಎಲ್ಲಾ ಹಳ್ಳಿಗೂ ಓಡಿಸಿ. ಡಿಪೋದ ಪುಡಿ ಹಿಂಡಿ ಯಾರೂ ದನಕ್ಕೆ ಹಾಕಬಾರದು ಅಂತ ಸಾರಲಿ. ಪುಡಿ ಹಿಂಡಿ, ಅಷ್ಟೇ."

ದಾರದ ಮಾತನ್ನು ಅವನು ದಫೇದಾರನಿಗೂ ಹೇಳಲಿಲ್ಲ. ಅದು ವಿಷದ ಗುರುತೆಂದು ತಿಳಿದವರು ಈಗ ರೇವಮ್ಮ, ತಾನು, ಮತ್ತು ಆ ದಾರ ಹಾಕಿಸಿದವನು. ಮಾತು ಅಲ್ಲಿಗೇ ನಿಲ್ಲಬೇಕಾಗಿತ್ತು.

ದಫೇದಾರ ಅತ್ತ ಹೋದ ಮೇಲೆ ರಾಮಲಿಂಗಯ್ಯ ಪಟೇಲರ ಮನೆಯಿಂದ ಒಳ್ಳೆಯ ಕಡಲೆಕಾಯಿ ಹಿಂಡಿಯ ಬಿಲ್ಲೆ ತರಿಸಿದ. ರೇವಮ್ಮನ ಒರಳಿನಲ್ಲೇ ಕುಟ್ಟಿಸಿದ. ಅವಳ ಮೂಟೆಯ ವಿಷವನ್ನು ಬೇರೆ ಗಂಟು ಕಟ್ಟಿ ಮುದ್ರೆ ಹಾಕಿ ಪಟೇಲರ ವಶಕ್ಕೆ ಕೊಟ್ಟ. ಡಿಪೋ ಗುರುತಿನ ಅದೇ ಚೀಲವನ್ನು ಚೆನ್ನಾಗಿ ಕೊಡವಿ, ಒಳ್ಳೆಯ ಹಿಂಡಿ ತುಂಬಿಸಿದ.

"ಇದನ್ನ ಮೊದ್ಲು ಇದ್ದಂಗೇ ಒಲೀಬೇಕು ರೇವಮ್ಮ. ಆ ದಾರದಲ್ಲೇ."

"ಯಾಕಪ್ಪ?"

"ನಿಮ್ಮ ಎತ್ತು ಕೊಂದೋನ ಮುಂದೆ ಇಡ್ತೀನಿ."

ರೇವಮ್ಮ ಹಿತ್ತಿಲಿಗೆ ಹೋಗಿ ಬಳ್ಳಿಯಿಂದ ದಾರ ಬಿಚ್ಚಿಕೊಂಡು ಬಂದಳು. ದಬ್ಬಳಕ್ಕೆ ಪೋಣಿಸಿ, ಹಲ್ಲು ಕಚ್ಚಿಕೊಂಡು, ಒಂದೊಂದು ಹೊಲಿಗೆಯನ್ನೂ ಜಗ್ಗಿ ಜಗ್ಗಿ ಹಾಕಿದಳು.

*

ಹಲಗೂರಿನ ಬಸ್ಸು ಇದ್ದಿಲು ಗ್ಯಾಸಿನದು. ಮಳವಳ್ಳಿಯಲ್ಲಿ ನಿಂತು, ಕ್ಲೀನರು ಹಿಂದಿನ ಒಲೆಯನ್ನು ಕೆದಕಿ ಊದಿ, ಮತ್ತೆ ಉಸಿರು ಬರಿಸುವಷ್ಟರಲ್ಲಿ ರಾಮಲಿಂಗಯ್ಯನ ಸಹನೆ ಸುಟ್ಟು ಬೂದಿಯಾಯಿತು. ಮೂಟೆ ಬಸ್ಸಿನ ತಲೆಯ ಮೇಲಿತ್ತು. ದೊಡ್ಡಸಿದ್ದಯ್ಯ ಬಾಗಿಲ ಬಳಿ ನಿಂತಿದ್ದ.

ಎದುರು ಸೀಟಿನಲ್ಲಿ ಜವರಯ್ಯನ ಹೆಂಡತಿ ಚಿಕ್ಕಬೋರಮ್ಮ. ಹಣೆ ಬೋಳು, ಕೈ ಬೋಳು. ಇನ್ನೂ ಚಿಕ್ಕ ಪ್ರಾಯ. ಗಂಡ ಆಗಾಗ ಅಂಕಯ್ಯನ ಮಿಲ್ಲಿಗೆ ಹೋಗಿಬರುತ್ತಿದ್ದ ಎಂದು ಹೇಳಿದವಳು ಅವಳೇ. ಅಲ್ಲಿ ಯಾರನ್ನು ನೋಡುತ್ತಿದ್ದನೆಂದು ಗುರುತಿಸಲಿ ಎಂದು ಹಲಗೂರಿನಲ್ಲಿ ಅವಳನ್ನು ಬಸ್ಸು ಹತ್ತಿಸಿಕೊಂಡಿದ್ದ. ಅಷ್ಟೇ ಅಲ್ಲ. ಸತ್ತವನ ಹೆಂಡತಿ ಎದುರಿಗೆ ನಿಂತರೆ ಕೊಂದವನ ಮುಖ ಸುಮ್ಮನಿರುವುದಿಲ್ಲ ಎಂಬ ಲೆಕ್ಕಾಚಾರವೂ ಅವನಿಗಿತ್ತು.

"ಹೆದರಬೇಡವ್ವ," ಎಂದ. "ನಿನ್ನ ಗಂಡನ್ನ ಹೊಳೆಗೆ ತಳ್ಳಿದೋನ್ನ ಇವತ್ತು ಹಿಡೀತೀನಿ."

ಅವಳು ಕಿಟಕಿಯಾಚೆ ನೋಡಿದಳು. ಪಾಪ, ದುಃಖ ಇನ್ನೂ ಹಸಿ ಎಂದುಕೊಂಡ ರಾಮಲಿಂಗಯ್ಯ.

ಮದ್ದೂರಿನಲ್ಲಿ ಇಳಿದೊಡನೆ ದೊಡ್ಡಸಿದ್ದಯ್ಯನನ್ನು ಬೈಸಿಕಲ್ಲಿನ ಮೇಲೆ ಹನಕೆರೆಗೆ ಅಟ್ಟಿದ.

"ಗೂಡ್ಸು ಹೊರಡಬಾರದು. ಸ್ಟೇಷನ್ ಮಾಸ್ಟರ ಕಾಲು ಹಿಡೀರಿ, ಇಲ್ಲಾ ಜಗಳ ತೆಗೀರಿ. ಏನಾದ್ರೂ ಮಾಡಿ."

"ನೀವೊಬ್ರೇ ಹೋಗ್ತೀರಾ ಸ್ವಾಮಿ? ಅಂಕಯ್ಯನೋರು ಮುಂಗೋಪಿ."

"ಕುಂಬಳಕಾಯಿ ಕಳ್ಳ ಅಂದಾಗ ಯಾರು ಹೆಗಲು ಮುಟ್ಟಿ ನೋಡ್ಕೋತಾರೆ ಅಂತ ನೋಡೋಕೆ ಒಂದು ಜೊತೆ ಕಣ್ಣು ಸಾಕು."

*

ಅಂಕಯ್ಯ ಮನೆಯಲ್ಲಿರಲಿಲ್ಲ, ಮಿಲ್ಲಿನಲ್ಲೂ ಇರಲಿಲ್ಲ. ಎರಡರ ನಡುವಿನ ದೊಡ್ಡ ಕೊಟ್ಟಿಗೆಯಲ್ಲಿ ತನ್ನ ಹಳ್ಳಿಕಾರ್ ಎತ್ತಿನ ಮೈ ಉಜ್ಜುತ್ತಿದ್ದ. ಊರಿಗೆ ದೊಡ್ಡ ಸಾಹುಕಾರನಾದರೂ ಆ ಜೋಡಿಯ ಮೇಲೆ ಆಳುಗಳ ಕೈ ಬೀಳಲು ಬಿಡುತ್ತಿರಲಿಲ್ಲ. ಬೂದು ಮೈ, ಕತ್ತಿಯಂಥ ಕೊಂಬು. ಬರಗಾಲದ ಗೆರೆ ಒಂದೂ ಅವುಗಳ ಪಕ್ಕೆಯ ಮೇಲಿರಲಿಲ್ಲ.

"ಬನ್ನಿ ಇನ್ಸ್‌ಪೆಕ್ಟ್ರೇ. ಆವಮ್ಮ ಯಾರು?"

"ಜವರಯ್ಯನ ಹೆಂಡ್ತಿ. ಹಲಗೂರು ಡಿಪೋ."

ಅಂಕಯ್ಯ ಚಿಕ್ಕಬೋರಮ್ಮನನ್ನು ನೋಡಿ ಕೈಯಲ್ಲಿದ್ದ ಹುಲ್ಲಿನ ಸಿವುಡನ್ನು ಕೆಳಗಿಟ್ಟ. "ಕೇಳ್ದೆ ಕಣವ್ವ. ದೇವ್ರು ಕಣ್ಣು ಬುಡ್ನಿಲ್ಲ."

ಅವನ ಮುಖದಲ್ಲಿ ರಾಮಲಿಂಗಯ್ಯ ಹುಡುಕಿದ್ದು ಸಿಗಲಿಲ್ಲ. ಚಿಕ್ಕಬೋರಮ್ಮ ಬಾಗಿಲ ಪಕ್ಕದ ಗೋಡೆಗೆ ಒರಗಿ ತಲೆ ತಗ್ಗಿಸಿದಳು.

"ಹನಕೆರೆಯಲ್ಲಿ ನಿಮ್ಮ ವ್ಯಾಗನ್ನು ನಿಂತಿದೆ."

"ನಿಂತದೆ. ಹರಳಿಂಡಿ. ಪರ್ಮಿಟ್ಟದೆ."

"ಮೂಟೆ ತುಂಬ್ಸಿದ್ದು ನೀವೇನಾ?"

"ಗಾಣದ ಕಡೆ ನಾನು. ಮೂಟೆ ತುಂಬೋದು, ಡಿಪೋಗೆ ಕಳಿಸೋದು, ಪರ್ಮಿಟ್ಟು, ರೈಲು, ಎಲ್ಲಾ ನನ್ ತಮ್ಮ ಪುಟ್ಟರಾಜಂದು."

"ಕರೀರಿ ಅವರನ್ನ."

"ಊರಲ್ಲಿಲ್ಲ. ಕೊಯಮತ್ತೂರಿಗೆ ಓಗವ್ನೆ ಅಂದ್ಲು ನಮ್ಮೋಳು. ಯಾಪಾರ."

"ಯಾವತ್ತು ಹೋದ್ರು?"

"ಅಮಾಸೆ ದಿನ."

ಅಮಾವಾಸ್ಯೆ ದಿನ ತಮ್ಮ ಊರು ಬಿಟ್ಟ. ಮಾರನೆಯ ದಿನ ಜವರಯ್ಯನ ಹೆಣ ತೇಲಿತು. ಕೊಂದು ಓಡಿಹೋದವನು ತಮ್ಮ, ಇಲ್ಲಿ ನಿಂತು ಮುಚ್ಚಿಡುತ್ತಿರುವವನು ಅಣ್ಣ. ಇನ್ನು ಉಳಿದದ್ದು ಒಂದೇ ಪ್ರಶ್ನೆ, ಅಣ್ಣನಿಗೆ ಎಷ್ಟು ಗೊತ್ತು?

ಹೊರಗೆ ನಿಂತಿದ್ದ ಜಟಕಾದಿಂದ ಮೂಟೆಯನ್ನು ತಾನೇ ಹೊತ್ತು ತಂದು ಅಂಕಯ್ಯನ ಮುಂದೆ ಧೊಪ್ಪನೆ ಇಳಿಸಿದ. ಕೆಂಪು ಹೊಲಿಗೆ ಮೇಲೆ ಬರುವಂತೆ.

"ಇದು ನಿಮ್ಮ ಮಿಲ್ಲಿಂದ ಡಿಪೋಗೆ ಬಂದ ಹಿಂಡಿ. ದನ ತಿನ್ನಲ್ಲ, ಕೆಟ್ಟಿದೆ ಅಂತ ಜನ ದೂರು ಹೇಳ್ತಾ ಇದ್ದಾರೆ."

"ನನ್ ಇಂಡಿ ಕೆಟ್ಟದಾ?" ಅಂಕಯ್ಯನ ಕಿವಿ ಕೆಂಪಾಯಿತು. "ಯಾವ ನನ್ಮಗ ಏಳ್ದೋನು?"

"ಕೆಟ್ಟಿಲ್ಲ ಅನ್ನೋದಾದ್ರೆ ತೋರ್ಸಿ."

"ಎಂಗೆ ತೋರ್ಸ್ಬೇಕು?"

"ನಿಮ್ಮ ಎತ್ತಿದೆಯಲ್ಲ. ಹಾಕಿ."

ಎತ್ತು ಬಾಲ ಬೀಸಿ ನೊಣ ಓಡಿಸಿತು. ರಾಮಲಿಂಗಯ್ಯ ಅಂಕಯ್ಯನ ಕಣ್ಣು ಬಿಟ್ಟು ಬೇರೆಲ್ಲಿಯೂ ನೋಡಲಿಲ್ಲ. ಈಗ ಏನಾದರೊಂದು ನೆಪ ಬರಬೇಕು: ಎತ್ತಿಗೆ ಈಗಷ್ಟೇ ಹಾಕಿದೆ, ಹೊತ್ತಲ್ಲದ ಹೊತ್ತು, ಆಳು ಬರಲಿ.

ಅಂಕಯ್ಯ ಬಗ್ಗಿದ. ದಾರದ ತುದಿ ಹುಡುಕಿ ಒಂದೇ ಜಗ್ಗಿಗೆ ಹೊಲಿಗೆಯನ್ನು ಉದ್ದಕ್ಕೂ ಬಿಚ್ಚಿದ. ಕೆಂಪು ದಾರವನ್ನು ನೋಡಿದ ಕಣ್ಣು ಒಂದಿಷ್ಟೂ ಅಳುಕಲಿಲ್ಲ. ಹುಲ್ಲುಕಡ್ಡಿಯಂತೆ ಅತ್ತ ಎಸೆದ. ಚಿಟಿಕೆ ಹಿಂಡಿ ಬಾಯಿಗೆ ಹಾಕಿಕೊಂಡು ನಾಲಗೆಯ ಮೇಲೆ ಹೊರಳಿಸಿದ.

"ಕಡ್ಲೆಕಾಯಿಂದು. ಒಳ್ಳೇದದೆ. ಪುಡಿ ಯಾಕೆ ಮಾಡವ್ರೋ ಕಾಣೆ." ಮಂಕರಿ ತುಂಬಿಕೊಂಡು ಗೊಂತಿನ ಕಡೆ ನಡೆದ. "ಬಾ ನನ್ ರಾಜ. ನಮ್ ಮನೇ ಇಂಡಿ ಕೆಟ್ಟದಂತೆ, ತಿಂದು ಏಳು."

ಈ ಮನುಷ್ಯನಿಗೆ ಏನೂ ಗೊತ್ತಿಲ್ಲ, ಇಲ್ಲವೇ ಇವನ ಎದೆ ಕಲ್ಲು. ಎತ್ತು ಮೂತಿ ಚಾಚಿತು. ಮೂಗಿನ ಬಿಸಿಯುಸಿರಿಗೆ ಹಿಂಡಿ ಪುಡಿ ಎದ್ದಿತು.

"ಬ್ಯಾಡ! ಬ್ಯಾಡ ಕಣಪ್ಪೋ!"

ಗೋಡೆಗೆ ಒರಗಿದ್ದ ಚಿಕ್ಕಬೋರಮ್ಮ ಬಾಣದಂತೆ ಬಂದು ಮಂಕರಿಯ ಮೇಲೆ ಬಿದ್ದಳು. ಮಂಕರಿ ಉರುಳಿ ಹಿಂಡಿ ನೆಲದ ತುಂಬ ಚೆಲ್ಲಿತು. ಎತ್ತು ಬೆಚ್ಚಿ ಹಗ್ಗ ಜಗ್ಗಿತು. ಅವಳು ಎರಡೂ ಕೈಯಲ್ಲಿ ಹಿಂಡಿಯನ್ನು ಎತ್ತಿನ ಬಾಯಿಂದ ದೂರಕ್ಕೆ ಬಾಚುತ್ತ ಕೂಗುತ್ತಿದ್ದಳು.

"ಮೂಕಪ್ರಾಣಿ ಸತ್ತೋಯ್ತದೆ! ಕೆಂಪು ದಾರದ್ದು ಆಕ್ಬ್ಯಾಡಿ! ನನ್ ಮೇಕೆ ಒಂದು ಇಡಿ ತಿಂದು ಸತ್ತೋಯ್ತು!"

ರಾಮಲಿಂಗಯ್ಯ ಬೀಸಿದ ಬಲೆಗೆ ಬಿದ್ದದ್ದು ಅವನೇ ಕರೆತಂದಿದ್ದ ಹೆಂಗಸು.

"ಕೆಂಪು ದಾರದ ಸುದ್ದಿ ನಿನಗೆ ಹೇಗೆ ಗೊತ್ತು ಚಿಕ್ಕಬೋರಮ್ಮ?"

ಅವಳ ಕೈಗಳು ನಿಂತವು.

"ನಾನು ಯಾರಿಗೂ ಹೇಳಿಲ್ಲ. ನಿನಗೆ ಹೇಗೆ ಗೊತ್ತು?"

"ನಾನೇ ಒಲ್ದೆ ಸ್ವಾಮಿ." ದನಿ ಬಾವಿಯ ತಳದಿಂದ ಬಂದಂತಿತ್ತು. "ನಮ್ ಅಟ್ಟೀಲೇ. ನಮ್ಮೋರು ಮೂಟೆ ತಂದು ಆಕೋರು, ನಾನು ಒಲ್ದು ಕೊಡ್ತಿದ್ದೆ. ಮುಗ್ಗಲು ಇಂಡಿ, ನಮ್ ಮೇಕೆಗೆ ಆಕ್ಬ್ಯಾಡ ಅಂದ್ರು. ಬರೀ ಮುಗ್ಗಲು ಅನ್ಕಂಡೆ. ಮೇಕೆ ಅಗ್ಗ ಕಿತ್ಕಂಡು ಬಂದು ತಿಂತು. ಆಮೇಲೆ ಗೊತ್ತಾಯ್ತು. ಬ್ಯಾಡ ಅಂತ ಕಾಲು ಕಟ್ಕಂಡೆ. ಬಾಯಿ ಬುಟ್ರೆ ಇಬ್ರೂ ಜೈಲು ಅಂದ್ರು."

ಅಂಕಯ್ಯ ಚೆಲ್ಲಿದ ಹಿಂಡಿಯನ್ನೂ ಇನ್ಸ್‌ಪೆಕ್ಟರನ್ನೂ ನೋಡಿದ. "ಇದ್ರಾಗೆ ವಿಷ ಅದೆ ಅಂತ ಗೊತ್ತಿದ್ದೂ ನನ್ ಕೈಲಿ…"

"ಇದರಲ್ಲಿಲ್ಲ. ಇದು ಒಳ್ಳೇದೇ. ನಿಮ್ಮ ತಮ್ಮ ಡಿಪೋಗೆ ಕಳಿಸಿದ ಮೂಟೆಗಳಲ್ಲಿತ್ತು. ಕಡಲೆಕಾಯಿ ಹಿಂಡಿಯೆಲ್ಲ ನಿಮ್ಮ ವ್ಯಾಗನ್ನಿನಲ್ಲಿದೆ. ಹಲಗೂರು ಕಡೆ ದನ ಸತ್ತಿದ್ದು ಜಾಡ್ಯದಿಂದಲ್ಲ."

ಅಂಕಯ್ಯ ಗೊಂತಿನ ಕಟ್ಟೆ ಹಿಡಿದುಕೊಂಡ. "ಪುಟ್ಟರಾಜ ಅಂಥೋನಲ್ಲ," ಎಂದ. ಮತ್ತೊಮ್ಮೆ, ತನಗೆ ತಾನೇ ಎಂಬಂತೆ, "ಅಂಥೋನಲ್ಲ."

"ಅಂಥವನಲ್ಲದಿದ್ರೆ ಜವರಯ್ಯ ಸತ್ತ ದಿನವೇ ಊರು ಬಿಟ್ಟು ಯಾಕೆ ಹೋದ? ಬಾಯಿ ಬಿಡ್ತಾನೆ ಅಂತ ಜವರಯ್ಯನ್ನ ಹೊಳೆಗೆ ತಳ್ಳಿ…"

"ಇಲ್ಲ ಸ್ವಾಮಿ."

ಮಾತು ನಡುವೆ ಕಡಿದವಳು ಚಿಕ್ಕಬೋರಮ್ಮ. ನೆಲದ ಮೇಲೆ ಕೂತೇ ತನ್ನ ಬೋಳು ಮುಂಗೈಗಳನ್ನು ಅವನ ಕಡೆ ಚಾಚಿದಳು.

"ಸುಳ್ಳಿಗೆ ಬಳೆ ಒಡ್ಕಂಡಿವ್ನಿ. ನಾನು ಮುಂಡೆ ಅಲ್ಲ."

ರಾಮಲಿಂಗಯ್ಯನಿಗೆ ಮೊದಲು ಅರ್ಥವೇ ಆಗಲಿಲ್ಲ.

"ಒಳೇಲಿ ಸಿಕ್ಕಿದ್ದು ನಮ್ಮೋರ ಎಣ ಅಲ್ಲ. ಅವ್ರೇ ಬಂದು ಏಳಿದ್ರು, 'ನಾಳೆ ಒಂದು ಎಣ ಸಿಕ್ತದೆ, ನಂದೇ ಅನ್ನು, ಅತ್ತು ಕರೆದು ಮಣ್ಣು ಮಾಡ್ಸು' ಅಂತ. ಮಕ ಬಂಡೆಗೆ ಬಡ್ದು, ಮೀನು ತಿಂದು ಏನೂ ತಿಳೀತಿರ್ನಿಲ್ಲ. ಮೈ ಮೇಲೆ ನಮ್ಮೋರ ಅಂಗಿ ತೊಡಿಸಿದ್ರು. ಪೋಲೀಸ್ನೋರು ಕೇಳಿದ್ರು, ಊಂ ಅಂದೆ. ದಿನಾ ಕನಸಿಗೆ ಬತ್ತಾನೆ ಸ್ವಾಮಿ, ಯಾರೋ ಏನೋ, ಯಾವ ತಾಯಿ ಮಗನೋ. ಬೇರೆಯೋರ ಎಣಕ್ಕೆ ಗಂಡ ಅಂತ ಅತ್ತಿವ್ನಿ."

ತೇಲಿದ ಹೆಣ ಜವರಯ್ಯನದಲ್ಲ. ವಾರದಿಂದ ಕಟ್ಟುತ್ತ ಬಂದ ತರ್ಕವೆಲ್ಲ ರಾಮಲಿಂಗಯ್ಯನ ತಲೆಯೊಳಗೆ ಮಣ್ಣಿನ ಗೋಡೆಯಂತೆ ಕುಸಿಯಿತು. ಹಾಗಾದರೆ ಆ ಗುಂಡಿಯಲ್ಲಿ ಮಲಗಿರುವವನು ಯಾರು?

ಅದನ್ನು ಕೇಳಿದವನು ಅಂಕಯ್ಯ. ತೀರ ಸಣ್ಣ ದನಿಯಲ್ಲಿ ಕೇಳಿದ.

"ಆಳು ಎಂಗಿದ್ದ ಕಣವ್ವ?"

"ಉದ್ದಕ್ಕಿದ್ದ."

"ಗುರುತು? ಏನಾರ ಗುರುತು?"

"ಅಂಗಿ ತೋಳು ಸರಿಸ್ದಾಗ ಕಂಡೆ. ಬಲಗೈ ಮೇಲೆ ಅಚ್ಚೆ." ಅವಳಿಗೆ ಅದರ ಹೆಸರು ಬಾಯಿಗೆ ಬರಲಿಲ್ಲ. ನೆಲದ ಮೇಲೆ ಚೆಲ್ಲಿದ್ದ ಹಿಂಡಿಯ ಪುಡಿಯಲ್ಲಿ ಬೆರಳಿನಿಂದ ಬರೆದಳು. ಒಂದು ದೊಡ್ಡ ಗುಂಡು, ಅದರೊಳಗೆ ಗಾಲಿಯ ಕಡ್ಡಿಗಳಂಥ ಗೆರೆಗಳು, ಪಕ್ಕದಲ್ಲಿ ಒಂದು ಸಣ್ಣ ಕದಿರು.

ಚರಕ.

ಅಂಕಯ್ಯ ಕೂರಲಿಲ್ಲ, ಕೂಗಲೂ ಇಲ್ಲ. ನಿಂತೇ ಆ ಗೆರೆಗಳನ್ನು ನೋಡಿದ.

"ಸಿವಪುರದಲ್ಲಿ ಬಾವುಟ ಏರ್ಸಿದ ವರ್ಸ ಆಕಿಸ್ಕಂಡಿದ್ದ," ಎಂದ. "ಇನ್ನೂ ಮೀಸೆ ಬಂದಿರ್ನಿಲ್ಲ ಅವ್ನಿಗೆ. ಮೈ ಮೇಲೆ ಗಾಯ ಮಾಡ್ಕಂಡು ಬಂದವ್ನೆ ಅಂತ ನಮ್ಮವ್ವ ಉಣ್ಣೋಕೆ ಇಕ್ನಿಲ್ಲ. ನನ್ ತಟ್ಟೇಲಿ ಉಂಡ."

ರಾಮಲಿಂಗಯ್ಯ ಟೋಪಿ ತೆಗೆದ. ಸತ್ತ ಪುಟ್ಟರಾಜನನ್ನೇ ಈಗಷ್ಟೇ ಕೊಲೆಗಾರ ಎಂದು ಅವನ ಅಣ್ಣನ ಮುಂದೆ ಕರೆದಿದ್ದ.

ಅಂಕಯ್ಯ ಬಾಗಿಲ ಕಡೆ ನಡೆದ. ಅಳುವುದಕ್ಕೆ ಹೊರಗೆ ಹೋಗುತ್ತಾನೆ ಎಂದು ರಾಮಲಿಂಗಯ್ಯ ದಾರಿ ಬಿಟ್ಟ. ಆದರೆ ಅಂಕಯ್ಯ ಎರಡೂ ಕದ ಎಳೆದು ಒಳಗಿನಿಂದ ಅಗುಳಿ ಹಾಕಿದ. ಗೋಡೆಯ ಗೂಟಕ್ಕೆ ಸಿಕ್ಕಿಸಿದ್ದ, ಮೇವು ಕೊಚ್ಚುವ ಮಚ್ಚನ್ನು ಕೈಗೆ ತೆಗೆದುಕೊಂಡ.

"ಅಂಕಯ್ಯ, ಇಡಿ ಅದನ್ನ."

"ನೀವ್ ಕೇಳೋದೆಲ್ಲಾ ಕೇಳಾಯ್ತು ಇನ್ಸ್‌ಪೆಕ್ಟ್ರೇ. ಇನ್ ಕೇಳೋನು ನಾನು."

ರಾಮಲಿಂಗಯ್ಯ ಅವರಿಬ್ಬರ ನಡುವೆ ಬಂದು ನಿಂತ. ಅಂಕಯ್ಯ ಒಂದೇ ಕೈಯಲ್ಲಿ ಅವನನ್ನು ಪಕ್ಕಕ್ಕೆ ಸರಿಸಿದ, ಎತ್ತನ್ನು ಸರಿಸುವಂತೆ. ಚಿಕ್ಕಬೋರಮ್ಮನ ಎದುರು ಕುಕ್ಕುರುಗಾಲಿನಲ್ಲಿ ಕೂತ. ಮಚ್ಚು ಮಂಡಿಯ ಮೇಲಿತ್ತು.

"ಎದರ್ಕಬ್ಯಾಡ. ನಿನ್ನ ಮುಟ್ಟಾಕಿಲ್ಲ. ನಿನ್ ಗಂಡ ಎಲ್ಲವ್ನೆ?"

ಅವಳು ಇನ್ಸ್‌ಪೆಕ್ಟರನನ್ನು ನೋಡಿದಳು, ಮಚ್ಚನ್ನು ನೋಡಿದಳು. ಬಚ್ಚಿಟ್ಟೂ ಬಚ್ಚಿಟ್ಟೂ ಸುಸ್ತಾದವಳ ನಿಟ್ಟುಸಿರು ಹೊರಬಂತು.

"ದೂರ ಎಲ್ಲೂ ಓಗಿಲ್ಲ ಅಯ್ಯ. ನಿಮ್ ಮಿಲ್ಲಿನ ಇಂದ್ಗಡೆ ಅಳೇ ಉಗ್ರಾಣ ಅದಲ್ಲ, ಅಲ್ಲೇ ಅವ್ರೆ."

"ನನ್ ಉಗ್ರಾಣ್ದಾಗಾ? ಅದ್ರ ಬೀಗದ ಕೈ ಮನೇಲದೆ."

"ಊಂ. ಬೀಗ ತೆಗ್ದು ಒಳಕ್ಕೆ ಬುಟ್ಟೋರು, ದಿನಾ ಅನ್ನ ಕಳಿಸ್ತಿರೋರು…" ಅವಳು ಮನೆಯ ಕಡೆ ಕೈ ತೋರಿದಳು. "ಎಲ್ಲಾ ನಿಮ್ ಮನೆಯಿಂದ್ಲೇ ಅಯ್ಯ."

ಅಂಕಯ್ಯ ಮಂಡಿಯ ಮೇಲಿನ ಮಚ್ಚಿನ ಹಿಡಿಗೆ ಕೈ ಹಾಕಿದ.

ಆಗ ಬಾಗಿಲಾಚೆ ಹೆಜ್ಜೆ ಸಪ್ಪಳವಾಯಿತು. ಕದವನ್ನು ಯಾರೋ ನೂಕಿದರು. ಅಗುಳಿ ಕಟಕಟಿಸಿತು. ಮರದ ಮೇಲೆ ಬಳೆಗಳ ಸದ್ದು.

"ಯಾಕೆ ಬಾಗ್ಲಾಕಂಡಿದ್ದೀರಿ?" ಅಂಕಯ್ಯನ ಹೆಂಡತಿ ಇಂದ್ರಮ್ಮನ ದನಿ. ಮೊದಲು ಸಲೀಸಾಗಿತ್ತು, ಆಮೇಲೆ ಬದಲಾಯಿತು. "ಯಾರವ್ರೆ ಒಳಗೆ? ಏನೂಂದ್ರೆ? ಆ ಅಲಗೂರೋಳು ಬಂದವ್ಳಾ?"

ಚಿಕ್ಕಬೋರಮ್ಮ ಬಂದ ಸುದ್ದಿಯನ್ನು ಆ ಮನೆಗೆ ಯಾರೂ ಹೇಳಿರಲಿಲ್ಲ.

ಅಂಕಯ್ಯ ಎಡಗೈಯ ಬೆರಳನ್ನು ತುಟಿಯ ಮೇಲಿಟ್ಟು ಇಬ್ಬರಿಗೂ ಸನ್ನೆ ಮಾಡಿದ. ಬಲಗೈಯಲ್ಲಿ ಮಚ್ಚು ಹಿಡಿದೇ ಎದ್ದುಹೋಗಿ, ಒಂದಿಷ್ಟೂ ಸದ್ದಾಗದಂತೆ ಅಗುಳಿ ಎತ್ತಿದ.